ಯುರೋಪಿನ ಪತ್ರಿಕಾರಂಗದ ಸ್ಥಿತ್ಯಂತರ: ಗಡಿಯ ಸಣ್ಣ ಭಾಷೆಗಳ ಪತ್ರಿಕೆಗಳು ಉಳಿದದ್ದು ಹೇಗೆ?

ಜರ್ಮನಿ ಮತ್ತು ಡೆನ್ಮಾರ್ಕ್ ನಡುವಣ ಇಂದಿನ ಗಡಿಯನ್ನು 1920ರಲ್ಲಿ ಜನಮತಗಣನೆಯ ಮೂಲಕ ನಿಗದಿಪಡಿಸಲಾಯಿತು. ಗೆರೆ ಎಳೆದಾಗ ಅದರ ಎರಡೂ ಮಗ್ಗುಲಲ್ಲಿ ತಮ್ಮ ಭಾಷೆಯ ನಾಡಿನಿಂದ ಹೊರಗುಳಿದ ಜನರಿದ್ದರು. ಇಂದು ಗಡಿಯ ದಕ್ಷಿಣಕ್ಕೆ, ಜರ್ಮನಿಯೊಳಗೆ, ಡೇನಿಷ್ ಸಮುದಾಯದ ಸುಮಾರು 50 ಸಾವಿರ ಮಂದಿ ಇದ್ದಾರೆ. ಉತ್ತರಕ್ಕೆ, ಡೆನ್ಮಾರ್ಕಿನೊಳಗೆ, ಜರ್ಮನ್ ಸಮುದಾಯದವರು ಸುಮಾರು 15 ಸಾವಿರ. ಈ ಎರಡೂ ಪುಟ್ಟ ಸಮುದಾಯಗಳಿಗೆ ತಮ್ಮವೇ ಆದ ಶಾಲೆಗಳಿವೆ, ತಮ್ಮದೇ ಆದ ಪತ್ರಿಕೆಗಳಿವೆ. ಫ್ಲೆನ್ಸ್‌ಬರ್ಗ್ ನಗರದಿಂದ ಹೊರಡುವ ‘ಫ್ಲೆನ್ಸ್‌ಬೋರ್ ಅವೀಸ್’ 1869ರಷ್ಟು ಹಿಂದಿನದು. ಗಡಿಯಾಚೆಯ ಓಬೆನ್ರೋ ಪಟ್ಟಣದಲ್ಲಿ ‘ಡೆರ್ ನೋರ್ಡ್‌ಶ್ಲೆಸ್ವಿಗರ್’ ಎಂಬ ಜರ್ಮನ್ ಪತ್ರಿಕೆ 1946ರ ಫೆಬ್ರವರಿ 2ರಂದು ಆರಂಭವಾಯಿತು.

ಸರಿಯಾಗಿ 75 ವರ್ಷಗಳ ಬಳಿಕ, 2021ರ ಫೆಬ್ರವರಿ 2ರಂದು, ಆ ಜರ್ಮನ್ ಪತ್ರಿಕೆ ತನ್ನ ದೈನಿಕ ಮುದ್ರಣವನ್ನು ನಿಲ್ಲಿಸಿತು. ಪತ್ರಿಕೆ ಸಾಯಲಿಲ್ಲ; ಜಾಲತಾಣಕ್ಕೆ ಸ್ಥಳಾಂತರಗೊಂಡಿತು. ಪರದೆಯ ಮೇಲೆ ಓದಲಾಗದ ಹಿರಿಯರಿಗಾಗಿ ಎರಡು ವಾರಕ್ಕೊಮ್ಮೆ ಮುದ್ರಿತ ಸಂಚಿಕೆ ಹೊರಡಿಸುವ ವ್ಯವಸ್ಥೆಯನ್ನೂ ಮಾಡಿತು. ಭಾಷಾ ಅಲ್ಪಸಂಖ್ಯಾತರ ಪತ್ರಿಕೆಯೊಂದು ತನ್ನ ವಜ್ರ ಮಹೋತ್ಸವದ ದಿನವೇ ಕಾಗದಕ್ಕೆ ವಿದಾಯ ಹೇಳಿದ ಈ ಸಂಗತಿಯನ್ನು ಗಡಿನಾಡಿನ ಕನ್ನಡಿಗರಾದ ನಾವು ದೂರದ ಸುದ್ದಿಯೆಂದು ಬದಿಗಿರಿಸುವಂತಿಲ್ಲ. ಯುರೋಪಿನ ಪತ್ರಿಕಾರಂಗ ಇಂದು ಯಾವ ಒತ್ತಡಗಳಿಗೆ ಸಿಲುಕಿದೆ, ಆ ಒತ್ತಡದ ನಡುವೆ ಸಣ್ಣ ಭಾಷೆಗಳ ಪತ್ರಿಕೆಗಳು ಹೇಗೆ ಉಸಿರಾಡುತ್ತಿವೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಕಾಗದ ಹಿಂದೆ ಸರಿಯುತ್ತಿದೆ, ಖರ್ಚು ಉಳಿದಿದೆ

ಪತ್ರಿಕೆಯ ಆದಾಯಕ್ಕೆ ಮೊದಲಿನಿಂದಲೂ ಎರಡು ಕಾಲುಗಳು. ಒಂದು ಓದುಗರು ಕೊಡುವ ಚಂದಾ, ಇನ್ನೊಂದು ಜಾಹೀರಾತು. ಬಾಡಿಗೆ ಮನೆ, ಹಳೆಯ ಕಾರು, ವಿವಾಹ, ಉದ್ಯೋಗ ಮುಂತಾದ ಸಣ್ಣ ಜಾಹೀರಾತುಗಳು ಅಂತರಜಾಲಕ್ಕೆ ಹೋದವು. ದೊಡ್ಡ ಜಾಹೀರಾತುಗಳ ಬಹುಪಾಲನ್ನು ಗೂಗಲ್ ಮತ್ತು ಮೆಟಾದಂತಹ ಅಮೆರಿಕದ ಸಂಸ್ಥೆಗಳು ಸೆಳೆದುಕೊಂಡವು. ಒಂದು ಕಾಲು ಕುಂಟಾದ ಮೇಲೆ ಇನ್ನೊಂದರ ಮೇಲೆ ಭಾರ ಹೆಚ್ಚಿತು. ಚಂದಾದಾರರ ಸಂಖ್ಯೆ ಇಳಿದಂತೆ ಪ್ರತಿಯೊಂದು ಪ್ರತಿಯ ಮುದ್ರಣ ಹಾಗೂ ವಿತರಣೆಯ ವೆಚ್ಚ ಏರುತ್ತಾ ಹೋಯಿತು.

ಇದರ ಪರಿಣಾಮಕ್ಕೆ ಎರಡು ಉದಾಹರಣೆಗಳು ಸಾಕು. ಆಸ್ಟ್ರಿಯಾದ ‘ವೀನರ್ ತ್ಸೈಟುಂಗ್’ 1703ರಲ್ಲಿ ಆರಂಭವಾದ ಪತ್ರಿಕೆ. ಜಗತ್ತಿನ ಅತಿ ಹಳೆಯ ದಿನಪತ್ರಿಕೆಗಳ ಸಾಲಿನಲ್ಲಿ ಅದರ ಹೆಸರಿದೆ. ಅದರ ಒಡೆತನ ಸರಕಾರದ್ದು, ಮುಖ್ಯ ಆದಾಯ ಕಂಪೆನಿಗಳು ಕಡ್ಡಾಯವಾಗಿ ಕೊಡಬೇಕಾಗಿದ್ದ ಪ್ರಕಟಣೆಗಳದ್ದು. 2023ರಲ್ಲಿ ಆಸ್ಟ್ರಿಯಾದ ಸಂಸತ್ತು ಕಾನೂನು ಬದಲಿಸಿ ಆ ಕಡ್ಡಾಯವನ್ನು ತೆಗೆದುಹಾಕಿತು. ಅದೇ ವರ್ಷದ ಜೂನ್ 30ರಂದು ದೈನಿಕ ಮುದ್ರಣ ಕೊನೆಗೊಂಡಿತು. 320 ವರ್ಷಗಳ ಪತ್ರಿಕೆಯನ್ನು ನಿಲ್ಲಿಸಲು ಪೊಲೀಸರು ಬರಬೇಕಾಗಲಿಲ್ಲ. ಕಾಯಿದೆಯ ಒಂದು ತಿದ್ದುಪಡಿಯೇ ಸಾಕಾಯಿತು. ಒಂದೇ ಮೂಲದ ಆದಾಯವನ್ನು ನಂಬಿದ ಪತ್ರಿಕೆಯ ಗತಿ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಬರ್ಲಿನ್ನಿನ ‘ತಾತ್ಸ್’ ಪತ್ರಿಕೆಯ ಕತೆ ಬೇರೆ ಬಗೆಯದು. ಅದು ಸಹಕಾರಿ ಸಂಘದ ಒಡೆತನದ ಪತ್ರಿಕೆ. 1992ರಿಂದ ಓದುಗರೇ ಅದರ ಪಾಲುದಾರರು. ಇಂದು ಅವರ ಸಂಖ್ಯೆ 20 ಸಾವಿರವನ್ನು ಮೀರಿದೆ. 2025ರ ಅಕ್ಟೋಬರ್ 17ರಂದು ಆ ಪತ್ರಿಕೆ ವಾರದ ದಿನಗಳ ಮುದ್ರಣವನ್ನು ನಿಲ್ಲಿಸಿ, ವಾರಾಂತ್ಯದ ಸಂಚಿಕೆಯನ್ನು ಮಾತ್ರ ಕಾಗದದಲ್ಲಿ ಉಳಿಸಿಕೊಂಡಿತು. ಈ ಬದಲಾವಣೆಗೆ ಅದು ವರ್ಷಗಟ್ಟಲೆ ಮುಂಚಿತವಾಗಿ ಓದುಗರನ್ನು ಸಿದ್ಧಗೊಳಿಸಿತ್ತು. ಎರಡೂ ಪತ್ರಿಕೆಗಳು ಕಾಗದ ಬಿಟ್ಟವು. ಆದರೆ ಒಂದರ ನಿರ್ಧಾರ ಸಂಸತ್ತಿನಲ್ಲಿ ಆಯಿತು, ಇನ್ನೊಂದರದ್ದು ಪತ್ರಿಕೆಯ ಮನೆಯೊಳಗೇ ಆಯಿತು.

ಅಂತರಜಾಲದಲ್ಲಿ ಸುದ್ದಿಗೆ ಹಣ ಕೊಡುವ ಅಭ್ಯಾಸ ಯುರೋಪಿನಲ್ಲೂ ಎಲ್ಲೆಡೆ ಒಂದೇ ತೆರನಾಗಿಲ್ಲ. ಆಕ್ಸ್‌ಫರ್ಡ್‌ನ ರಾಯಿಟರ್ಸ್ ಸಂಸ್ಥೆಯ 2024ರ ವರದಿಯಂತೆ ನಾರ್ವೆಯಲ್ಲಿ ಶೇಕಡಾ 40ರಷ್ಟು ಜನ ಅಂತರಜಾಲದ ಸುದ್ದಿಗೆ ಹಣ ತೆರುತ್ತಾರೆ; ಹೋಲಿಕೆಗೆ ತೆಗೆದುಕೊಂಡ 20 ಸಿರಿವಂತ ದೇಶಗಳ ಸರಾಸರಿ ಶೇಕಡಾ 17 ಮಾತ್ರ. ನಾರ್ವೆಯ ಈ ಸಾಧನೆಗೆ ಜನರ ಸಿರಿತನವೊಂದೇ ಕಾರಣವಲ್ಲ. ಅಲ್ಲಿ 1969ರಿಂದಲೂ ಸಣ್ಣ ಹಾಗೂ ಸ್ಥಳೀಯ ಪತ್ರಿಕೆಗಳಿಗೆ ಸರಕಾರದ ನೆರವು ದೊರೆಯುತ್ತಿದೆ, ಅದೂ ನಿಗದಿತ ಸೂತ್ರದ ಪ್ರಕಾರ. ಮಂತ್ರಿಗೆ ಒಂದು ಪತ್ರಿಕೆ ಇಷ್ಟವಾಗಲಿ ಬಿಡಲಿ, ನಿಯಮಕ್ಕೆ ಹೊಂದಿದರೆ ಹಣ ಬರುತ್ತದೆ. ಪಟ್ಟಣಕ್ಕೊಂದು ಪತ್ರಿಕೆ ಉಳಿದಿರುವುದರಿಂದಲೇ ಜನರಿಗೆ ತಮ್ಮೂರಿನ ಸುದ್ದಿಗೆ ಹಣ ಕೊಡುವ ರೂಢಿಯೂ ಉಳಿದಿದೆ. ಉತ್ತರದ ಹಿಮಪ್ರದೇಶದ ಸಾಮಿ ಜನರಿಗಾಗಿ ಅವರ ಭಾಷೆಯಲ್ಲೇ 2008ರಿಂದ ಹೊರಡುತ್ತಿರುವ ‘ಆವ್ವಿರ್’ ಪತ್ರಿಕೆಗೂ ಇಂತಹ ಸಾರ್ವಜನಿಕ ನೆರವೇ ಆಧಾರ.

ಮುಚ್ಚದೆಯೇ ಬಾಯಿ ಕಟ್ಟುವ ಬಗೆ

ಆರ್ಥಿಕ ಸಂಕಷ್ಟ ಒಂದು ಮುಖವಾದರೆ, ಅಧಿಕಾರದ ಹಸ್ತಕ್ಷೇಪ ಇನ್ನೊಂದು ಮುಖ. ಇವೆರಡೂ ಪ್ರತ್ಯೇಕವೆಂದು ಭಾವಿಸುವುದು ತಪ್ಪು. ದುಡ್ಡಿಲ್ಲದೆ ಬಳಲಿದ ಪತ್ರಿಕೆಯನ್ನು ಕೊಳ್ಳುವುದು ಸುಲಭ.

ಹಂಗೇರಿಯಲ್ಲಿ 2010ರಲ್ಲಿ ವಿಕ್ಟರ್ ಓರ್ಬಾನ್ ಮರಳಿ ಅಧಿಕಾರಕ್ಕೆ ಬಂದ ನಂತರದ ಬೆಳವಣಿಗೆಗಳು ಇದಕ್ಕೆ ಸಾಕ್ಷಿ. ದೇಶದ ಪ್ರಮುಖ ವಿರೋಧಿ ದನಿಯಾಗಿದ್ದ ‘ನೇಪ್‌ಸಬಡ್‌ಶಾಗ್’ ದಿನಪತ್ರಿಕೆ 2016ರ ಅಕ್ಟೋಬರ್ 8ರಂದು ಇದ್ದಕ್ಕಿದ್ದಂತೆ ನಿಂತಿತು. ಒಡೆಯರು ಕೊಟ್ಟ ಕಾರಣ ನಷ್ಟ. 2018ರ ನವೆಂಬರಿನಲ್ಲಿ ಸರಕಾರಕ್ಕೆ ಆಪ್ತರಾದ ಉದ್ಯಮಿಗಳು ತಮ್ಮ ಒಡೆತನದ 400ಕ್ಕೂ ಹೆಚ್ಚು ಮಾಧ್ಯಮ ಘಟಕಗಳನ್ನು ಒಂದೇ ಪ್ರತಿಷ್ಠಾನಕ್ಕೆ ದಾನವಾಗಿ ಒಪ್ಪಿಸಿದರು. ಸರಕಾರ ಆ ಪ್ರತಿಷ್ಠಾನವನ್ನು ರಾಷ್ಟ್ರೀಯ ಮಹತ್ವದ್ದೆಂದು ಘೋಷಿಸಿ, ಏಕಸ್ವಾಮ್ಯ ತಡೆಯುವ ಸಂಸ್ಥೆಯ ತನಿಖೆಯಿಂದ ಹೊರಗಿಟ್ಟಿತು. 2020ರ ಜುಲೈಯಲ್ಲಿ ‘ಇಂಡೆಕ್ಸ್’ ಎಂಬ ಜನಪ್ರಿಯ ಸುದ್ದಿತಾಣದ ಮುಖ್ಯ ಸಂಪಾದಕರನ್ನು ವಜಾಗೊಳಿಸಿದಾಗ 70ಕ್ಕೂ ಹೆಚ್ಚು ಪತ್ರಕರ್ತರು ರಾಜೀನಾಮೆಯಿತ್ತು ಹೊರನಡೆದರು. ಅದೇ ಅಕ್ಟೋಬರಿನಲ್ಲಿ ಓದುಗರ ದೇಣಿಗೆಯ ಬಲದಿಂದ ಅವರು ‘ಟೆಲೆಕ್ಸ್’ ಎಂಬ ಹೊಸ ತಾಣವನ್ನು ಕಟ್ಟಿದರು. ಇಲ್ಲೆಲ್ಲೂ ಸೆನ್ಸಾರ್ ಅಧಿಕಾರಿಯ ಕೆಂಪು ಶಾಯಿ ಕಾಣುವುದಿಲ್ಲ. ಸರಕಾರಿ ಜಾಹೀರಾತು ಯಾರಿಗೆ ಹೋಗಬೇಕು, ಪತ್ರಿಕೆಯನ್ನು ಯಾರು ಕೊಳ್ಳಬೇಕು ಎಂಬೆರಡು ಹಿಡಿಗಳನ್ನು ಕೈಯಲ್ಲಿಟ್ಟುಕೊಂಡರೆ ಸೆನ್ಸಾರ್‌ನ ಅಗತ್ಯವೇ ಬೀಳುವುದಿಲ್ಲ.

ಪೋಲೆಂಡಿನಲ್ಲಿ ಸರಕಾರದ ಹಿಡಿತದಲ್ಲಿರುವ ಓರ್ಲೆನ್ ಎಂಬ ತೈಲ ಕಂಪೆನಿ 2020ರ ಡಿಸೆಂಬರಿನಲ್ಲಿ ‘ಪೋಲ್ಸ್ಕಾ ಪ್ರೆಸ್’ ಸಮೂಹವನ್ನು ಕೊಳ್ಳುವುದಾಗಿ ಪ್ರಕಟಿಸಿತು. 20 ಪ್ರಾದೇಶಿಕ ದಿನಪತ್ರಿಕೆಗಳು ಒಂದೇ ಏಟಿಗೆ ಅದರ ಪಾಲಾದವು. ಮುಂದಿನ ವರ್ಷ ಹಲವು ಸಂಪಾದಕರು ಬದಲಾದರು. 2023ರಲ್ಲಿ ಸರಕಾರ ಬದಲಾದಾಗ ಹೊಸಬರು ಸಾರ್ವಜನಿಕ ದೂರದರ್ಶನದ ಮುಖ್ಯಸ್ಥರನ್ನು ತೆಗೆದು, ಸಂಸ್ಥೆಯನ್ನು ಸಮಾಪನೆಯ ಪ್ರಕ್ರಿಯೆಗೆ ಒಳಪಡಿಸಿದರು. ಹಿಂದಿನ ಪಕ್ಷಪಾತವನ್ನು ಸರಿಪಡಿಸುವುದು ಅವರ ಸಮರ್ಥನೆ. ಕೈಗೊಂಡ ದಾರಿ ಕಾನೂನಿಗೆ ಸರಿಯೇ ಎಂಬ ಪ್ರಶ್ನೆಯನ್ನು ಆ ಸರಕಾರದ ವಿರೋಧಿಗಳಲ್ಲದವರೂ ಎತ್ತಿದರು. ಹಿಡಿ ಇದ್ದರೆ ಯಾರ ಕೈಗೆ ಹೋದರೂ ಅದು ಬಳಕೆಗೆ ಬರುತ್ತದೆ ಎಂಬುದನ್ನು ಇದರಿಂದ ತಿಳಿಯಬಹುದು.

ಗ್ರೀಸಿನ ಘಟನೆ ಇನ್ನೂ ನೇರ. 2013ರ ಜೂನ್ 11ರಂದು ಅಲ್ಲಿನ ಸರಕಾರ ಸಾಲದ ಬಿಕ್ಕಟ್ಟಿನ ನೆಪದಲ್ಲಿ ಸಾರ್ವಜನಿಕ ಪ್ರಸಾರ ಸಂಸ್ಥೆಯನ್ನು ಮುಚ್ಚುವುದಾಗಿ ಘೋಷಿಸಿ, ಅದೇ ರಾತ್ರಿ ಪರದೆಗಳನ್ನು ಕತ್ತಲಾಗಿಸಿತು. ಸುಮಾರು 2,600 ನೌಕರರು ಕೆಲಸ ಕಳೆದುಕೊಂಡರು. ಹೊಸ ಸರಕಾರ ಬಂದು ಸಂಸ್ಥೆ ಮತ್ತೆ ತೆರೆಯಲು ಎರಡು ವರ್ಷಗಳೇ ಹಿಡಿದವು.

ಇವೆಲ್ಲಕ್ಕಿಂತ ಘೋರವಾದದ್ದು ಪ್ರಾಣಹರಣ. ಮಾಲ್ಟಾದ ಭ್ರಷ್ಟಾಚಾರವನ್ನು ಬಯಲಿಗೆಳೆಯುತ್ತಿದ್ದ ಡಾಫ್ನೆ ಕರುವಾನಾ ಗಲಿಝಿಯಾ ಅವರನ್ನು 2017ರ ಅಕ್ಟೋಬರ್ 16ರಂದು ಕಾರಿಗೆ ಬಾಂಬಿಟ್ಟು ಕೊಲ್ಲಲಾಯಿತು. ಸಾಯುವ ಹೊತ್ತಿಗೆ ಅವರ ಮೇಲೆ 40ಕ್ಕೂ ಹೆಚ್ಚು ಮಾನನಷ್ಟ ಮೊಕದ್ದಮೆಗಳಿದ್ದವು. ಕೊಲೆಗಡುಕರಿಗೆ ಶಿಕ್ಷೆಯಾಗದೆಂಬ ವಾತಾವರಣ ನಿರ್ಮಿಸಿದ ಹೊಣೆ ಪ್ರಭುತ್ವದ್ದೇ ಎಂದು 2021ರ ಸಾರ್ವಜನಿಕ ತನಿಖಾ ವರದಿ ಹೇಳಿತು. 2018ರ ಫೆಬ್ರವರಿಯಲ್ಲಿ ಸ್ಲೊವಾಕಿಯಾದ ಯುವ ಪತ್ರಕರ್ತ ಯಾನ್ ಕುಚಿಯಾಕ್ ಮತ್ತು ಅವರ ಭಾವೀ ಪತ್ನಿ ಮಾರ್ಟಿನಾ ಕುಷ್ನಿರೋವಾ ತಮ್ಮ ಮನೆಯಲ್ಲೇ ಗುಂಡಿಗೆ ಬಲಿಯಾದರು. ಜನ ಬೀದಿಗಿಳಿದರು, ಪ್ರಧಾನಿ ರಾಬರ್ಟ್ ಫಿಟ್ಸೊ ರಾಜೀನಾಮೆ ಕೊಡಬೇಕಾಯಿತು. ಅದೇ ಫಿಟ್ಸೊ 2023ರಲ್ಲಿ ಮತ್ತೆ ಗೆದ್ದು ಬಂದರು. ಮರುವರ್ಷ ಅವರ ಸರಕಾರ ಸಾರ್ವಜನಿಕ ಪ್ರಸಾರ ಸಂಸ್ಥೆಯನ್ನು ವಿಸರ್ಜಿಸಿ ಬೇರೊಂದನ್ನು ಸ್ಥಾಪಿಸಿತು. ಜನರ ಸಿಟ್ಟು ತಣಿಯುತ್ತದೆ, ಆದ್ದರಿಂದಲೇ ಶಾಶ್ವತ ಕಾನೂನು ಬೇಕಾಗುತ್ತದೆ.

ಕಾನೂನಿನ ಬೇಲಿ

ಇಂತಹ ಅನುಭವಗಳ ಹಿನ್ನೆಲೆಯಲ್ಲಿ ಐರೋಪ್ಯ ಒಕ್ಕೂಟ 2024ರಲ್ಲಿ ಎರಡು ಶಾಸನಗಳನ್ನು ತಂದಿತು. ಮೊದಲನೆಯದು ಮಾಧ್ಯಮ ಸ್ವಾತಂತ್ರ್ಯ ಅಧಿನಿಯಮ. 2025ರ ಆಗಸ್ಟ್ 8ರಿಂದ ಅದು ಪೂರ್ಣವಾಗಿ ಅನ್ವಯವಾಗಿದೆ. ಪತ್ರಿಕೆಯ ನಿಜವಾದ ಒಡೆಯರು ಯಾರೆಂದು ಓದುಗರಿಗೆ ತಿಳಿಯುವಂತಿರಬೇಕು, ಸರಕಾರಿ ಜಾಹೀರಾತಿನ ಹಣ ಯಾರಿಗೆ ಎಷ್ಟು ಹೋಯಿತೆಂದು ಪ್ರತಿವರ್ಷ ಪ್ರಕಟಿಸಬೇಕು, ಸಾರ್ವಜನಿಕ ಪ್ರಸಾರ ಸಂಸ್ಥೆಗಳಿಗೆ ಸಾಕಷ್ಟು ಹಾಗೂ ಸ್ಥಿರವಾದ ಹಣಕಾಸು ಇರಬೇಕು ಎಂದು ಅದು ವಿಧಿಸುತ್ತದೆ. ಸುದ್ದಿಮೂಲಗಳನ್ನು ಹೊರಗೆಡಹುವಂತೆ ಪತ್ರಕರ್ತರನ್ನು ಬಲವಂತಪಡಿಸುವುದಕ್ಕೂ ಅವರ ಫೋನುಗಳಿಗೆ ಗೂಢಚರ್ಯೆಯ ತಂತ್ರಾಂಶ ಹಾಕುವುದಕ್ಕೂ ಅದು ಮಿತಿ ಹೇರುತ್ತದೆ. ಎರಡನೆಯದು, ಬಾಯಿ ಮುಚ್ಚಿಸುವುದಕ್ಕಾಗಿಯೇ ಹೂಡುವ ಮೊಕದ್ದಮೆಗಳನ್ನು ನ್ಯಾಯಾಲಯ ಆರಂಭದಲ್ಲೇ ವಜಾಗೊಳಿಸಲು ಅವಕಾಶ ನೀಡುವ ನಿರ್ದೇಶನ. ಅದನ್ನು ಜನ ‘ಡಾಫ್ನೆ ಕಾನೂನು’ ಎಂದೇ ಕರೆಯುತ್ತಾರೆ.

ಇವು ಒಳ್ಳೆಯ ಹೆಜ್ಜೆಗಳು. ಆದರೂ ಬೇಲಿ ಹಾಕಿದ ಮಾತ್ರಕ್ಕೆ ಬೆಳೆ ಬರುವುದಿಲ್ಲ. ಅಧಿನಿಯಮವನ್ನು ಹಂಗೇರಿ ಒಕ್ಕೂಟದ ನ್ಯಾಯಾಲಯದಲ್ಲಿ ಪ್ರಶ್ನಿಸಿದೆ. ಎರಡನೆಯ ನಿರ್ದೇಶನದ ವ್ಯಾಪ್ತಿ ಗಡಿದಾಟಿದ ಅಂಶವುಳ್ಳ ಮೊಕದ್ದಮೆಗಳಿಗೆ ಸೀಮಿತ. ಒಂದೇ ದೇಶದೊಳಗಿನ ವ್ಯಾಜ್ಯಗಳಿಗೆ ಆಯಾ ದೇಶವೇ ಕಾನೂನು ಮಾಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕಾನೂನು ಪತ್ರಕರ್ತರ ಕೈ ಕಟ್ಟುವುದನ್ನು ತಡೆಯಬಹುದೇ ಹೊರತು ಅವರಿಗೆ ಸಂಬಳ ಕೊಡಲಾರದು.

ಗೂಗಲ್ಲಿನ ಕಿಟಕಿ, ಯಂತ್ರದ ಸಾರಾಂಶ

ಸಂಬಳದ ಪ್ರಶ್ನೆ ಮತ್ತೆ ತಂತ್ರಜ್ಞಾನ ಸಂಸ್ಥೆಗಳ ಬಾಗಿಲಿಗೇ ಬಂದು ನಿಲ್ಲುತ್ತದೆ. ಪತ್ರಿಕೆಗಳ ಬರಹದ ತುಣುಕುಗಳನ್ನು ತೋರಿಸಿ ಲಾಭ ಪಡೆಯುವವರು ಪತ್ರಿಕೆಗಳಿಗೂ ಪಾಲು ಕೊಡಬೇಕೆಂದು ಐರೋಪ್ಯ ಒಕ್ಕೂಟ 2019ರ ಕೃತಿಸ್ವಾಮ್ಯ ನಿರ್ದೇಶನದಲ್ಲಿ ಹೇಳಿತು. ಅದನ್ನು ಪ್ರಾಮಾಣಿಕವಾಗಿ ಪಾಲಿಸಲಿಲ್ಲವೆಂದು ಫ್ರಾನ್ಸಿನ ಸ್ಪರ್ಧಾ ಪ್ರಾಧಿಕಾರ 2021ರಲ್ಲಿ ಗೂಗಲ್‌ಗೆ 50 ಕೋಟಿ ಯೂರೊ ದಂಡ ವಿಧಿಸಿತು. 2024ರ ಮಾರ್ಚಿನಲ್ಲಿ ಮತ್ತೆ 25 ಕೋಟಿ ಯೂರೊ ದಂಡ ಬಿತ್ತು. ಈ ಬಾರಿಯ ಕಾರಣಗಳಲ್ಲಿ ಒಂದು, ಪತ್ರಿಕೆಗಳಿಗೆ ತಿಳಿಸದೆ ಅವುಗಳ ಬರಹಗಳನ್ನು ಕೃತಕ ಬುದ್ಧಿಮತ್ತೆಯ ತರಬೇತಿಗೆ ಬಳಸಿಕೊಂಡದ್ದು. ಇತ್ತ ಮೆಟಾ ಸಂಸ್ಥೆ 2023ರ ಡಿಸೆಂಬರಿನಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ಜರ್ಮನಿಗಳಲ್ಲಿ ಫೇಸ್‌ಬುಕ್‌ನ ಸುದ್ದಿ ವಿಭಾಗವನ್ನೇ ಮುಚ್ಚಿತು.

ಈಗ ಬಂದಿರುವುದು ಇನ್ನೂ ಗಂಭೀರ ಪರಿಸ್ಥಿತಿ. ಹುಡುಕಿದ ಪ್ರಶ್ನೆಗೆ ಯಂತ್ರವೇ ಸಾರಾಂಶ ಬರೆದು ಕೊಟ್ಟರೆ ಓದುಗ ಮೂಲ ಪತ್ರಿಕೆಯ ತಾಣಕ್ಕೆ ಹೋಗುವುದಿಲ್ಲ. ಹೋಗದಿದ್ದರೆ ಚಂದಾದಾರನಾಗುವ ಸಂದರ್ಭವೂ ಒದಗುವುದಿಲ್ಲ. ಫ್ರಾನ್ಸಿನ ‘ಲೆ ಮೊಂದ್’, ಜರ್ಮನಿಯ ಆಕ್ಸೆಲ್ ಸ್ಪ್ರಿಂಗರ್ ಸಮೂಹದಂತಹ ದೊಡ್ಡವರು ಓಪನ್‌ಎಐ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡು ಹಣ ಪಡೆದಿದ್ದಾರೆ. ಸಾವಿರಗಟ್ಟಲೆ ಓದುಗರಷ್ಟೇ ಇರುವ ಸಣ್ಣ ಭಾಷೆಯ ಪತ್ರಿಕೆಯೊಡನೆ ಅಂತಹ ಮಾತುಕತೆಗೆ ಕೂರುವವರು ಯಾರು? ಭಾಷೆಯ ಬರಹ ಯಂತ್ರಕ್ಕೆ ಬೇಕು, ಬರೆದವರ ಹೊಟ್ಟೆಪಾಡು ಯಂತ್ರದ ಚಿಂತೆಯಲ್ಲ.

ಸಣ್ಣ ಭಾಷೆಗಳ ದಾರಿ

ಹೀಗಿರುವಾಗ ಸಣ್ಣ ಭಾಷೆಗಳ ಪತ್ರಿಕೆಗಳೇ ಮೊದಲು ಅಳಿಯಬೇಕಿತ್ತು. ಹಾಗಾಗದೆ ಉಳಿದವುಗಳ ಅನುಭವ ನಮಗೆ ಹೆಚ್ಚು ಮುಖ್ಯ.

ಸ್ಪೇನಿನ ಬಾಸ್ಕ್ ನಾಡಿನಲ್ಲಿ ಸಂಪೂರ್ಣ ಬಾಸ್ಕ್ ಭಾಷೆಯ ಏಕೈಕ ದಿನಪತ್ರಿಕೆಯಾಗಿದ್ದ ‘ಎಗುನ್‌ಕಾರಿಯಾ’ 1990ರಲ್ಲಿ ಜನ್ಮತಾಳಿತು. 2003ರ ಫೆಬ್ರವರಿ 20ರಂದು, ಅದಕ್ಕೆ ಶಸ್ತ್ರಧಾರಿ ಸಂಘಟನೆಯೊಂದಿಗೆ ನಂಟಿದೆಯೆಂಬ ಆರೋಪದ ಮೇಲೆ ನ್ಯಾಯಾಧೀಶರ ಆದೇಶದಂತೆ ಪತ್ರಿಕೆಗೆ ಬೀಗ ಬಿತ್ತು. ಸಂಪಾದಕ ಮಾರ್ಚೆಲೊ ಒಟಮೆಂಡಿ ಮತ್ತಿತರರು ಬಂಧಿತರಾದರು. ಕಸ್ಟಡಿಯಲ್ಲಿ ಚಿತ್ರಹಿಂಸೆ ನಡೆಯಿತೆಂದು ಅವರು ದೂರಿದರು. ನೌಕರರು ಮರುದಿನವೇ ಬೇರೆ ಹೆಸರಿನಲ್ಲಿ ಪತ್ರಿಕೆ ತಂದರು. ಸಾವಿರಾರು ಜನ ಪಾಲುಬಂಡವಾಳ ಹಾಕಿದರು. ಆ ಹಣದಿಂದ ಜೂನ್ 21ರಂದು ‘ಬೆರ್ರಿಯಾ’ ಎಂಬ ಹೊಸ ದಿನಪತ್ರಿಕೆ ಹುಟ್ಟಿತು. ಏಳು ವರ್ಷಗಳ ಬಳಿಕ, 2010ರ ಏಪ್ರಿಲ್‌ನಲ್ಲಿ, ಸ್ಪೇನಿನ ರಾಷ್ಟ್ರೀಯ ನ್ಯಾಯಾಲಯ ಎಲ್ಲ ಆರೋಪಿಗಳನ್ನೂ ಬಿಡುಗಡೆ ಮಾಡಿ, ಪತ್ರಿಕೆ ಮುಚ್ಚಿಸಿದ ಕ್ರಮಕ್ಕೆ ಸಂವಿಧಾನದ ನೇರ ಆಧಾರವಿರಲಿಲ್ಲವೆಂದಿತು. ಚಿತ್ರಹಿಂಸೆಯ ದೂರನ್ನು ಸರಿಯಾಗಿ ತನಿಖೆ ಮಾಡದ ಸ್ಪೇನ್ ತಪ್ಪಿತಸ್ಥವೆಂದು 2012ರಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪಿತ್ತಿತು. ನ್ಯಾಯ ಸಿಕ್ಕಿತು, ಆದರೆ ತಡವಾಗಿ. ಆ ಏಳು ವರ್ಷ ಬಾಸ್ಕ್ ಓದುಗರು ನ್ಯಾಯಾಲಯದ ದಾರಿ ಕಾಯುತ್ತಾ ಕುಳಿತಿದ್ದರೆ ಅವರ ಭಾಷೆಗೆ ದಿನಪತ್ರಿಕೆಯೇ ಇರುತ್ತಿರಲಿಲ್ಲ.

ಸ್ವಿಟ್ಜರ್ಲೆಂಡಿನಲ್ಲಿ ರೊಮಾನ್ಷ್ ಭಾಷೆಯನ್ನು ಮುಖ್ಯ ಭಾಷೆಯಾಗಿ ಬಳಸುವವರು ಸುಮಾರು 40 ಸಾವಿರ, ಅಂದರೆ ದೇಶದ ಜನಸಂಖ್ಯೆಯ ಶೇಕಡಾ ಅರ್ಧದಷ್ಟು. ಅವರಿಗೆ ಪ್ರತ್ಯೇಕ ಬಾನುಲಿ ಇದೆ, ದೂರದರ್ಶನ ಕಾರ್ಯಕ್ರಮಗಳಿವೆ. ಮಾರುಕಟ್ಟೆಯ ಲೆಕ್ಕದಲ್ಲಿ ಅದು ಎಂದಿಗೂ ಗಿಟ್ಟದ ಬಾಬ್ತು. ಪ್ರತಿ ಮನೆಯೂ ಕೊಡುವ ಪ್ರಸಾರ ಶುಲ್ಕದಿಂದ ಅದು ನಡೆಯುತ್ತದೆ. ಆ ಶುಲ್ಕವನ್ನೇ ರದ್ದುಗೊಳಿಸಬೇಕೆಂಬ ಪ್ರಸ್ತಾವ 2018ರ ಮಾರ್ಚ್ 4ರಂದು ಜನಮತಕ್ಕೆ ಬಂದಾಗ ಶೇಕಡಾ 71.6ರಷ್ಟು ಮತದಾರರು ಅದನ್ನು ತಿರಸ್ಕರಿಸಿದರು. ಅವರಲ್ಲಿ ಬಹುಪಾಲು ಜನರಿಗೆ ರೊಮಾನ್ಷ್ ತಿಳಿಯದು. ತಮ್ಮ ಜೇಬಿನ ಹಣದಿಂದ ನೆರೆಯವರ ಭಾಷೆ ಉಳಿಯುವುದಾದರೆ ಉಳಿಯಲಿ ಎಂದು ಬಹುಸಂಖ್ಯಾತರು ಮತದಾನದ ಮೂಲಕವೇ ಹೇಳಿದ ಅಪರೂಪದ ಸಂದರ್ಭವಿದು.

ಜರ್ಮನಿಯ ಪೂರ್ವಭಾಗದ ಸೋರ್ಬ್ ಜನರು ಸುಮಾರು 60 ಸಾವಿರ. ಅವರ ‘ಸೆರ್ಬ್‌ಸ್ಕೆ ನೊವಿನಿ’ ಪತ್ರಿಕೆಯ ಬೇರು 1842ರಷ್ಟು ಹಳೆಯದು. 1937ರಲ್ಲಿ ನಾಝಿ ಆಡಳಿತ ಅದನ್ನು ನಿಷೇಧಿಸಿತು. ಯುದ್ಧಾನಂತರ ಸೋರ್ಬ್ ಪತ್ರಿಕೆ ಮತ್ತೆ ತಲೆಯೆತ್ತಿತು. ಇಂದು ಕೇಂದ್ರ ಸರಕಾರ ಮತ್ತು ಎರಡು ರಾಜ್ಯಗಳು ಸೇರಿ ಹಣ ಕೊಡುವ ಪ್ರತಿಷ್ಠಾನವೊಂದು ಅದಕ್ಕೆ ಆಸರೆ. ಅದೇ ಆಸರೆಯಲ್ಲಿ ಶಾಲಾ ಮಕ್ಕಳಿಗಾಗಿ ಸೋರ್ಬ್ ಭಾಷೆಯ ಮಾಸಪತ್ರಿಕೆಯೂ ಹೊರಡುತ್ತದೆ. ಇಂದು ಆ ಪತ್ರಿಕೆಯನ್ನು ತರಗತಿಯಲ್ಲಿ ಓದುವ ಮಗುವೇ ನಾಳೆ ದಿನಪತ್ರಿಕೆಯ ಚಂದಾದಾರ ಎಂಬ ದೂರದೃಷ್ಟಿ ಇಲ್ಲಿದೆ.

ವೇಲ್ಸ್ ನಾಡಿನದು ಮತ್ತೊಂದು ಮಾದರಿ. ವೆಲ್ಷ್ ಭಾಷೆಯಲ್ಲಿ ದಿನಪತ್ರಿಕೆಯೊಂದನ್ನು ಆರಂಭಿಸುವ ಯೋಜನೆ 2008ರಲ್ಲಿ ಸರಕಾರದ ನೆರವು ನಿರೀಕ್ಷೆಯಷ್ಟು ದೊರೆಯದೆ ಬಿದ್ದುಹೋಯಿತು. ಆದರೆ 1973ರಿಂದ ಅಲ್ಲಿ ‘ಪಪೂರೈ ಬ್ರೋ’ ಎಂಬ ಊರಪತ್ರಿಕೆಗಳ ಪರಂಪರೆ ಬೆಳೆದಿದೆ. ಬರೆಯುವವರು, ಪುಟ ಜೋಡಿಸುವವರು, ಮನೆಮನೆಗೆ ಹಂಚುವವರು ಎಲ್ಲರೂ ಊರಿನ ಸ್ವಯಂಸೇವಕರು. ಇಂತಹ 50ಕ್ಕೂ ಹೆಚ್ಚು ಪತ್ರಿಕೆಗಳಿವೆ. ಶಾಲೆಯ ಕ್ರೀಡಾಕೂಟ, ಊರಿನ ಮದುವೆ, ಸಾವು, ಸಂಗೀತ ಸ್ಪರ್ಧೆಗಳ ಸುದ್ದಿಯೇ ಅವುಗಳ ಜೀವಾಳ. ಅವು ಸರಕಾರದ ಹಗರಣ ಬಯಲಿಗೆಳೆಯುವ ಪತ್ರಿಕೆಗಳಲ್ಲ. ಆ ಮಿತಿಯನ್ನು ಒಪ್ಪಿಕೊಳ್ಳಬೇಕು. ಆದರೂ ದೊಡ್ಡ ಸುದ್ದಿಯನ್ನು ಇಂಗ್ಲಿಷಿನಲ್ಲಿ ಓದುವ ಜನ ಸ್ವಂತ ಭಾಷೆಯಲ್ಲಿ ಏನನ್ನಾದರೂ ಓದುವ ಅಭ್ಯಾಸವನ್ನು ಉಳಿಸಿಕೊಂಡದ್ದು ಅವುಗಳಿಂದಲೇ.

ಶಾಲೆ ಮತ್ತು ಪತ್ರಿಕೆಯ ನಂಟನ್ನು ಅತಿ ಸ್ಪಷ್ಟವಾಗಿ ಕಂಡದ್ದು ಇಟಲಿಯ ಸೌತ್ ಟಿರೋಲ್ ಪ್ರಾಂತ. ಮೊದಲನೆಯ ಮಹಾಯುದ್ಧದ ನಂತರ ಈ ಜರ್ಮನ್ ಭಾಷಿಕ ಪ್ರದೇಶ ಇಟಲಿಗೆ ಸೇರಿತು. 1923ರಿಂದ ಫ್ಯಾಸಿಸ್ಟ್ ಆಡಳಿತ ಶಾಲೆಗಳಲ್ಲಿ ಜರ್ಮನ್ ಭಾಷೆಯನ್ನು ತರಗತಿಯಿಂದ ತರಗತಿಗೆ ತೆಗೆಯುತ್ತಾ ಬಂತು. ಆಗ ಪಾದ್ರಿಯೂ ಪತ್ರಕರ್ತರೂ ಆಗಿದ್ದ ಮಿಖಾಯೆಲ್ ಗಂಪರ್ ಮನೆಗಳಲ್ಲಿ ಗುಟ್ಟಾಗಿ ಜರ್ಮನ್ ಕಲಿಸಲು ಕರೆಯಿತ್ತರು. ನೆಲಮಾಳಿಗೆ, ಅಟ್ಟ, ಕೊಟ್ಟಿಗೆಗಳಲ್ಲಿ ತರಗತಿಗಳು ನಡೆದವು. ಅಂದು ಹಾಗೆ ಓದಲು ಕಲಿತ ಮಕ್ಕಳೇ ಮುಂದೆ ‘ಡೋಲೊಮಿಟೆನ್’ ಎಂಬ ಜರ್ಮನ್ ದಿನಪತ್ರಿಕೆಯ ಓದುಗರಾದರು. 1972ರಲ್ಲಿ ವಿಸ್ತೃತ ಸ್ವಾಯತ್ತತೆ ದೊರೆತ ಈ ಪ್ರಾಂತದಲ್ಲಿ ಆ ಪತ್ರಿಕೆ ಇಂದು ಬಲಾಢ್ಯ. ಇಲ್ಲಿ ಎಚ್ಚರದ ಮಾತೂ ಒಂದಿದೆ. ಅದರ ಪ್ರಕಾಶನ ಸಂಸ್ಥೆ ಇಟಾಲಿಯನ್ ಭಾಷೆಯ ಸ್ಥಳೀಯ ಪತ್ರಿಕೆಗಳನ್ನೂ ಕೊಂಡು ಇಡೀ ಪ್ರಾಂತದ ಸುದ್ದಿಯ ಮೇಲೆ ಹಿಡಿತ ಸಾಧಿಸಿದೆ. ಅಲ್ಪಸಂಖ್ಯಾತರ ಪತ್ರಿಕೆ ಎಂದ ಮಾತ್ರಕ್ಕೆ ಅದು ಏಕಸ್ವಾಮ್ಯದ ದೋಷದಿಂದ ಮುಕ್ತವಲ್ಲ.

ನಮ್ಮ ಸಂವಿಧಾನ, ಅವರ ಸನ್ನದು

ಯುರೋಪ್ ಪರಿಷತ್ತು 1992ರಲ್ಲಿ ಪ್ರಾದೇಶಿಕ ಅಥವಾ ಅಲ್ಪಸಂಖ್ಯಾತ ಭಾಷೆಗಳ ಸನ್ನದನ್ನು ಅಂಗೀಕರಿಸಿತು. 1998ರಲ್ಲಿ ಅದು ಜಾರಿಗೆ ಬಂತು. ಅದರ 11ನೆಯ ವಿಧಿ ಮಾಧ್ಯಮಕ್ಕೆ ಮೀಸಲು. ಆ ಭಾಷೆಯಲ್ಲಿ ಕನಿಷ್ಠ ಒಂದು ಪತ್ರಿಕೆ ಹುಟ್ಟಿ ಉಳಿಯಲು ಉತ್ತೇಜನ ಕೊಡುವುದು ಸರಕಾರಗಳು ಆಯ್ದುಕೊಳ್ಳಬಹುದಾದ ಬದ್ಧತೆಗಳಲ್ಲಿ ಒಂದು. ನೆರೆಯ ದೇಶದಿಂದ ಅದೇ ಭಾಷೆಯಲ್ಲಿ ಬರುವ ಬಾನುಲಿ ಮತ್ತು ದೂರದರ್ಶನ ಪ್ರಸಾರವನ್ನು ಪಡೆಯುವ ಸ್ವಾತಂತ್ರ್ಯವನ್ನೂ ಅದು ಖಾತರಿಪಡಿಸುತ್ತದೆ. ಎಲ್ಲ ದೇಶಗಳೂ ಇದಕ್ಕೆ ಒಪ್ಪಿಲ್ಲ. ಫ್ರಾನ್ಸ್ ಮತ್ತು ಇಟಲಿ ಸಹಿ ಹಾಕಿದರೂ ಅನುಮೋದಿಸಿಲ್ಲ. ಆದರೂ ಭಾಷೆಯ ಹಕ್ಕೆಂದರೆ ಶಾಲೆಯಷ್ಟೇ ಅಲ್ಲ, ಸುದ್ದಿಯೂ ಹೌದು ಎಂಬ ತತ್ತ್ವ ಅಲ್ಲಿ ಲಿಖಿತವಾಗಿದೆ.

ನಮ್ಮ ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. 350ಬಿ ವಿಧಿ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯನ್ನು ನೇಮಿಸುತ್ತದೆ. 29 ಮತ್ತು 30ನೆಯ ವಿಧಿಗಳು ಭಾಷೆ, ಲಿಪಿ ಹಾಗೂ ವಿದ್ಯಾಸಂಸ್ಥೆಗಳ ರಕ್ಷಣೆ ಕೊಡುತ್ತವೆ. ಇವುಗಳನ್ನು ಹಿಡಿದೇ ಗಡಿನಾಡಿನ ನಾವು ಶಾಲೆಗಳಿಗಾಗಿ, ಶಿಕ್ಷಕರ ನೇಮಕಾತಿಗಾಗಿ, ಪಠ್ಯಪುಸ್ತಕಗಳಿಗಾಗಿ ದಶಕಗಳಿಂದ ಹೋರಾಡುತ್ತಾ ಬಂದಿದ್ದೇವೆ. ಆದರೆ ಪತ್ರಿಕೆಯ ಕುರಿತು ಈ ಭಾಷಾ ವಿಧಿಗಳಲ್ಲಿ ಒಂದು ಮಾತೂ ಇಲ್ಲ. ನಾವೂ ಅದನ್ನು ಹಕ್ಕೊತ್ತಾಯದ ಪಟ್ಟಿಗೆ ಸೇರಿಸಿದ್ದು ಕಡಿಮೆ. ಪತ್ರಿಕೆ ಎಂದರೆ ಯಾರೋ ನಡೆಸುವ ವ್ಯಾಪಾರ, ಶಾಲೆ ಎಂದರೆ ನಮ್ಮದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ.

ಈ ಭಾವನೆಯ ಬೆಲೆಯನ್ನು ತರಗತಿಯಲ್ಲಿ ನಿಂತವರು ಬಲ್ಲರು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ವಿದ್ಯಾರ್ಥಿಗೆ ತನ್ನ ಪಂಚಾಯತಿನ ನಿರ್ಧಾರ, ತನ್ನೂರಿನ ರಸ್ತೆ, ತನ್ನ ಶಾಲೆಯ ಖಾಲಿ ಹುದ್ದೆಯ ಸುದ್ದಿ ಕನ್ನಡದಲ್ಲಿ ದೊರೆಯದಿದ್ದರೆ, ಕನ್ನಡವೆಂಬುದು ಪರೀಕ್ಷೆಗೆ ಮಾತ್ರ ಸಲ್ಲುವ ಭಾಷೆ ಎಂದು ಅವನು ತೀರ್ಮಾನಿಸುತ್ತಾನೆ. ಅವನೇ ತಂದೆಯಾದಾಗ ತನ್ನ ಮಗುವನ್ನು ಬೇರೆ ಮಾಧ್ಯಮಕ್ಕೆ ಸೇರಿಸುತ್ತಾನೆ. ನಾವು ಅವನನ್ನು ದೂರಿ ಫಲವಿಲ್ಲ. ಕಾಸರಗೋಡಿನಿಂದ ಅಕ್ಕಲಕೋಟೆಯವರೆಗೆ, ತಾಳವಾಡಿಯಿಂದ ರಾಯದುರ್ಗದವರೆಗೆ ಗಡಿಯಾಚೆಯ ಕನ್ನಡ ಶಾಲೆಗಳಿಗೆಲ್ಲ ಈ ಮಾತು ಅನ್ವಯಿಸುತ್ತದೆ.

ನಾವು ಮಾಡಬಹುದಾದದ್ದು

ಯುರೋಪಿನ ವ್ಯವಸ್ಥೆಯನ್ನು ಇಲ್ಲಿಗೆ ಎತ್ತಿ ತರುವುದು ಸಾಧ್ಯವಿಲ್ಲ. ಅವರ ಸಂಪತ್ತು ಬೇರೆ, ನಮ್ಮ ಸ್ಥಿತಿ ಬೇರೆ. ಜರ್ಮನಿ, ಡೆನ್ಮಾರ್ಕ್‌ಗಳು ಗಡಿಯಾಚೆಯ ತಮ್ಮ ಭಾಷಿಕರಿಗೆ ನೆರವಾಗುತ್ತಿರುವುದು 1955ರಲ್ಲಿ ಎರಡೂ ಸರಕಾರಗಳು ಹೊರಡಿಸಿದ ಘೋಷಣೆಗಳು ಮೂಡಿಸಿದ ಪರಸ್ಪರ ವಿಶ್ವಾಸದ ನೆಲೆಯಲ್ಲಿ. ನಮ್ಮಲ್ಲಿ ರಾಜ್ಯಗಳ ನಡುವೆ ಅಷ್ಟು ವಿಶ್ವಾಸ ಇನ್ನೂ ಮೂಡಬೇಕಿದೆ. ಆದರೂ ಮೂರು ಸಂಗತಿಗಳು ನಮ್ಮ ಅಳವಿನಲ್ಲಿವೆ.

ಮೊದಲನೆಯದು, ಓದುಗರ ಪಾಲು. ‘ಬೆರ್ರಿಯಾ’ವನ್ನಾಗಲಿ ‘ಟೆಲೆಕ್ಸ್’ ಅನ್ನಾಗಲಿ ಉಳಿಸಿದ್ದು ಸಣ್ಣ ಮೊತ್ತದ ಹಣ ಕೊಟ್ಟ ಬಹಳ ಜನ. ಗಡಿನಾಡಿನ ಸುದ್ದಿಗೆ ಜಾಗ ಕೊಡುವ ಯಾವುದೇ ಕನ್ನಡ ಪತ್ರಿಕೆಗೆ, ತಾಣಕ್ಕೆ ನಮ್ಮ ಮನೆಯಿಂದ ಒಂದು ಚಂದಾ ಹೋಗಲಿ. ಉಚಿತವಾಗಿ ಸಿಗುವ ವಾಟ್ಸಾಪ್ ತುಣುಕಿನ ಹಿಂದೆ ಯಾರೋ ಒಬ್ಬರು ಪಂಚಾಯತ್ ಸಭೆಯಲ್ಲಿ ಕುಳಿತು ಬರೆದುಕೊಂಡಿರುತ್ತಾರೆ ಎಂಬುದು ನೆನಪಿರಲಿ.

ಎರಡನೆಯದು, ಸರಕಾರದ ಮುಂದಿಡಬೇಕಾದ ಬೇಡಿಕೆ. ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸರಕಾರಿ ಪ್ರಕಟಣೆಗಳು ಆ ಭಾಷೆಯ ಪತ್ರಿಕೆಗಳಲ್ಲೂ ಬರಬೇಕು, ಯಾರಿಗೆ ಎಷ್ಟು ಹಣ ಸಂದಿತೆಂಬುದು ಬಹಿರಂಗವಾಗಬೇಕು. ನೆರವು ಯಾವ ರಾಜ್ಯದಿಂದಲೇ ಬರಲಿ, ನಿಯಮದ ಪ್ರಕಾರ ಬರಬೇಕು. ಕೃಪೆಯಾಗಿ ಬಂದ ಹಣ ಕೃಪೆ ತಪ್ಪಿದ ದಿನ ನಿಲ್ಲುತ್ತದೆ, ಮತ್ತು ಅದು ಬರುವಷ್ಟು ಕಾಲ ಪತ್ರಿಕೆ ಕೊಟ್ಟವರ ತಪ್ಪನ್ನು ಹೇಳಲು ಹಿಂಜರಿಯುತ್ತದೆ.

ಮೂರನೆಯದು ಶಾಲೆಯದು. ಫ್ರಾನ್ಸಿನಲ್ಲಿ 1990ರಿಂದ ವರ್ಷಕ್ಕೊಂದು ವಾರ ಶಾಲೆಗಳಲ್ಲಿ ಪತ್ರಿಕೆ ಮತ್ತು ಮಾಧ್ಯಮಗಳ ಅಧ್ಯಯನ ನಡೆಯುತ್ತದೆ. ಸುದ್ದಿ ಎಲ್ಲಿಂದ ಬಂತು, ಯಾರು ಬರೆದರು, ಇನ್ನೊಂದು ಮಗ್ಗುಲು ಯಾವುದು ಎಂದು ಮಕ್ಕಳು ಕೇಳಲು ಕಲಿಯುತ್ತಾರೆ. ಇದಕ್ಕೆ ಹೊಸ ಆದೇಶವಾಗಲಿ ಅನುದಾನವಾಗಲಿ ಬೇಕಿಲ್ಲ. ಬೆಳಗಿನ ಪ್ರಾರ್ಥನೆಯ ಬಳಿಕ ಶೀರ್ಷಿಕೆ ಓದಿ ಮುಗಿಸುವ ಬದಲು ವಾರಕ್ಕೊಂದು ಅವಧಿ ಒಂದೇ ಸುದ್ದಿಯನ್ನು ಬಿಡಿಸಿ ಓದಿಸಬಹುದು. ಮಕ್ಕಳು ತಮ್ಮೂರಿನ ಸುದ್ದಿಯನ್ನು ತಾವೇ ಬರೆದು ಶಾಲೆಯ ಗೋಡೆಪತ್ರಿಕೆಗೆ ಹಾಕಬಹುದು. ಹೆತ್ತವರು ಅದನ್ನು ಓದಲು ಬರಬಹುದು. ವೇಲ್ಸಿನ ಊರಪತ್ರಿಕೆಗಳು ಇದಕ್ಕಿಂತ ದೊಡ್ಡ ಬಂಡವಾಳದಿಂದೇನೂ ಆರಂಭವಾಗಲಿಲ್ಲ.

ಓಬೆನ್ರೋದ ಆ ಜರ್ಮನ್ ಪತ್ರಿಕೆ ಕಾಗದ ಬಿಟ್ಟರೂ ಬದುಕಿರುವುದಕ್ಕೆ ಕಾರಣವೊಂದಿದೆ. ಅದನ್ನು ಓದಬಲ್ಲ ಮಕ್ಕಳನ್ನು ತಯಾರಿಸುವ ಜರ್ಮನ್ ಶಾಲೆಗಳು ಗಡಿಯಾಚೆ ಇಂದಿಗೂ ನಡೆಯುತ್ತಿವೆ. ಶಾಲೆ ಮುಚ್ಚಿದರೆ ಪತ್ರಿಕೆಗೆ ಓದುಗರಿಲ್ಲ. ಪತ್ರಿಕೆ ನಿಂತರೆ ಶಾಲೆ ಮುಚ್ಚುವ ಸುದ್ದಿಯನ್ನು ಬರೆಯುವವರಿಲ್ಲ. ಮುಂದಿನ ಶಾಲಾ ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಕಟ್ಟಡ, ಬಿಸಿಯೂಟ, ಸಮವಸ್ತ್ರಗಳ ಜೊತೆಗೆ, ನಮ್ಮ ಶಾಲೆಗೆ ಯಾವ ಕನ್ನಡ ಪತ್ರಿಕೆ ಬರುತ್ತಿದೆ, ಅದನ್ನು ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂಬ ಪ್ರಶ್ನೆಯನ್ನೂ ಎತ್ತಬೇಕೆಂದು ನಾವು ಎಲ್ಲ ಹೆತ್ತವರಲ್ಲಿ ವಿನಂತಿಸುತ್ತೇವೆ.